ನಮ್ಮನೆಯ ಹಿತಕವರೆ ಸ್ಕೂಲು

ಕಾನ್ವೆಂಟಿಗೆ ಸೇರುವ ಮೊದಲು ನಾನು ಇನ್ನೊಂದು ಸ್ಕೂಲಿನಲ್ಲಿ ಓದಿದ್ದೆ. ಅದಕ್ಕೆ ಬೋರ್ಡು ಇರಲಿಲ್ಲ, ಫೀಸು ಇರಲಿಲ್ಲ. ಹೆಡ್‌ಮಾಸ್ಟರು ಹೆಗಲ ಮೇಲೆ ಟವಲು ಹಾಕಿಕೊಂಡು ಬಚ್ಚಲಿಗೆ ಹೋಗುತ್ತಲೇ ಹಾಜರಿ ಕರೆಯುತ್ತಿದ್ದರು. ನಾವು "ಪ್ರೆಸೆಂಟ್ ಸಾರ್" ಎನ್ನಬೇಕಿತ್ತು, "ಬಂದೆ ಅಪ್ಪ" ಎನ್ನುವಂತಿರಲಿಲ್ಲ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಜಯನಗರದಲ್ಲಿ ಆಗ ರಸ್ತೆಗಳು ಬಂದಿದ್ದವು, ಮನೆಗಳು ಇನ್ನೂ ಬರಬೇಕಿತ್ತು. ನಮ್ಮ ಮನೆಯ ಹಿಂದೆ ರಾಗಿ ಹೊಲ, ಮುಂದೆ ಸೈಟಿನ ಕಲ್ಲುಗಳು. ಸಂಜೆಯಾದರೆ ನರಿಗಳು ಕೂಗುತ್ತಿದ್ದವು; ಅಕ್ಕ ಅವನ್ನು "ನಮ್ಮ ನೈಬರ್ಸ್" ಎನ್ನುತ್ತಿದ್ದಳು. ಹತ್ತಿರದಲ್ಲಿದ್ದ ಒಂದೇ ಒಂದು ಸ್ಕೂಲು ಶೀಟಿನ ಶೆಡ್ಡಿನಲ್ಲಿ ನಡೆಯುತ್ತಿತ್ತು. ಅಕ್ಕ, ನಾನು, ತಮ್ಮ, ಮೂವರೂ ಅಲ್ಲಿಗೇ ಹೋಗುತ್ತಿದ್ದೆವು, ಅಕ್ಕನಿಗೆ ಆ ನಲ್ಲಿ-ತೊಟ್ಟಿ ಲೆಕ್ಕ ಕೊಡುವ ತನಕ.

ಒಂದು ನಲ್ಲಿ ಇಷ್ಟು ಗಂಟೆಯಲ್ಲಿ ತೊಟ್ಟಿ ತುಂಬಿಸುತ್ತದೆ, ಇನ್ನೊಂದು ಅಷ್ಟು ಗಂಟೆಯಲ್ಲಿ. ಎರಡನ್ನೂ ಬಿಟ್ಟರೆ ಎಷ್ಟು ಹೊತ್ತು? ಎಲ್ಲರ ಮನೆಯಲ್ಲೂ ಬಂದು ಹೋಗುವ ಲೆಕ್ಕ. ಆದರೆ ನಮ್ಮಪ್ಪ ಕೆಲಸ ಮಾಡುತ್ತಿದ್ದದ್ದು ಪೈಪು, ಪಂಪುಗಳನ್ನು ನೋಡಿಕೊಳ್ಳುವ ಆಫೀಸಿನಲ್ಲಿ. ಅವರು ಮರುದಿನವೇ ಹೆಡ್‌ಮಾಸ್ಟರ ಮುಂದೆ ಹೋಗಿ ನಿಂತರು.

"ಏನ್ ಸಾರ್ ಇದು? ಪೈಪಿನ ಸೈಜ್ ಹೇಳಿಲ್ಲ, ಪ್ರೆಷರ್ ಹೇಳಿಲ್ಲ. ಯಾವ ಇಂಜಿನಿಯರ್ ಮಾಡ್ತಾನೆ ಈ ಲೆಕ್ಕ?"

"ಮೊದ್ಲು ನಮ್ಮ ಸ್ಕೂಲಿಗೊಂದು ನಲ್ಲಿ ಹಾಕ್ಸಿ ಸಾರ್. ಪ್ರೆಷರ್ ಬಗ್ಗೆ ಆಮೇಲೆ ಮಾತಾಡೋಣ" ಎಂದರಂತೆ ಹೆಡ್‌ಮಾಸ್ಟರು.

ಮೂವರ ಟಿ.ಸಿ.ಯೂ ಅವತ್ತು ಸಂಜೆ ಅಪ್ಪನ ಜೇಬಿನಲ್ಲಿ ಮನೆಗೆ ಬಂತು.

ಅಪ್ಪ ಏನನ್ನೇ ಮಾಡಿದರೂ ಸಿಸ್ಟಮ್ಯಾಟಿಕ್. ನಡುಮನೆಯ ಗೋಡೆಗೆ ಟೈಮ್‌ಟೇಬಲ್ ಬಂತು. ದೇವರ ಮನೆಯ ಗಂಟೆ ಸ್ಕೂಲಿನ ಗಂಟೆಯಾಯಿತು. ತಾರಸಿಯ ಮೇಲೆ ಡ್ರಿಲ್. ಮೇಜಿನ ಮೇಲೆ ಒಂದು ಕರಿ ರೂಲು ದೊಣ್ಣೆ. ಅದರಿಂದ ಅಪ್ಪ ಯಾರನ್ನೂ ಹೊಡೆಯಲಿಲ್ಲ, ಆದರೆ ಅಕ್ಷರಕ್ಕೊಂದರಂತೆ ಮೇಜಿಗೆ ಕುಟ್ಟುತ್ತಿದ್ದರು. ಆಫೀಸಿಗೆ ಹೊರಡುವಾಗ ಸೈಕಲ್ ಹತ್ತಿ ಅಮ್ಮನಿಗೆ, "ಇನ್ನು ನೀನೇ ಹೆಡ್‌ಮಿಸ್ಟ್ರೆಸ್ ಇನ್‌ಚಾರ್ಜ್" ಎನ್ನುತ್ತಿದ್ದರು.

"ಹೆಡ್‌ಮಿಸ್ಟ್ರೆಸ್ಸಿಗೆ ಮೊದ್ಲು ಸೌದೆ ಒಡೆಸಿಕೊಡಿ. ಒಲೆ ಉರೀತಿಲ್ಲ" ಎನ್ನುತ್ತಿದ್ದಳು ಅಮ್ಮ.

ಅಕ್ಕನಿಗೆ, ನನಗೆ ಇದೆಲ್ಲ ಒಂದು ಥರ ಮಜವೇ. ಕಷ್ಟ ತಮ್ಮನದು. ಅವನಿಗೆ ಏಳು ವರ್ಷ, ಓದಲು ಬರುತ್ತಿರಲಿಲ್ಲ. ಪುಸ್ತಕ ತೆಗೆದರೆ ಹೊಟ್ಟೆನೋವು. ಸುಳ್ಳಲ್ಲ, ನಿಜವಾದ ಹೊಟ್ಟೆನೋವು; ಮುಖ ಬಿಳಿಚಿಕೊಳ್ಳುತ್ತಿತ್ತು. ಅಪ್ಪ ಕುಟ್ಟುವಾಗ ಅವನು ಅಕ್ಷರ ನೋಡುತ್ತಿರಲಿಲ್ಲ, ದೊಣ್ಣೆಯನ್ನೇ ನೋಡುತ್ತಿದ್ದ. ದೊಣ್ಣೆಯ ಮೇಲಿನ ಒಂದೊಂದು ಗೀರೂ ಅವನಿಗೆ ಬಾಯಿಪಾಠವಾಗಿತ್ತು. ‘ಕ’ದ ಬಾಲ ಯಾವ ಕಡೆ ಎನ್ನುವುದು ಮಾತ್ರ ಆಗಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಮೈಸೂರಿನಿಂದ ದೊಡ್ಡಪ್ಪನ ಕಾರ್ಡು ಬಂತು. ದೊಡ್ಡಪ್ಪ ರಿಟೈರಾದ ಹೆಡ್‌ಮಾಸ್ಟರು, ಅಪ್ಪನನ್ನು ಸಾಕಿ ಓದಿಸಿದ ಅಣ್ಣ. ಸಂಕ್ರಾಂತಿಗೆ ಬರುತ್ತೇನೆ, ಮಕ್ಕಳನ್ನು ಪರೀಕ್ಷೆ ಮಾಡುತ್ತೇನೆ, ಚಿಕ್ಕವನಿಗೆ ಇನ್ನೂ ಓದು ಬಾರದಿದ್ದರೆ ಜೊತೆಯಲ್ಲಿ ಕರೆದುಕೊಂಡು ಹೋಗುತ್ತೇನೆ, ಮೂರು ವರ್ಷ ನನ್ನ ಮನೆಯಲ್ಲಿರಲಿ ಎಂದು ಬರೆದಿದ್ದರು. ಅವರ ಮನೆ ನಮಗೆ ಗೊತ್ತಿತ್ತು. ಅಲ್ಲಿ ಕೋಳಿ ಕೂಗುವ ಮೊದಲೇ ತಣ್ಣೀರು ಸ್ನಾನ, ಶನಿವಾರ ಶನಿವಾರ ಹರಳೆಣ್ಣೆ, ಕೇಳಿದರೆ ಮಾತ್ರ ಮಾತು.

"ಏನೂಂದ್ರೆ, ಆಗಲ್ಲ ಅಂತ ಬರೀರಿ" ಎಂದಳು ಅಮ್ಮ. "ಇನ್ನೂ ನನ್ನ ಸೆರಗು ಹಿಡ್ಕೊಂಡು ಮಲಗೋ ಮಗು ಅದು."

"ಅಣ್ಣನಿಗೆ ಹೇಗೆ ಬರೀಲಿ ಆಗಲ್ಲ ಅಂತ?" ಎಂದರು ಅಪ್ಪ. ಅವತ್ತಿನ ಸಾರಿಗೆ ಉಪ್ಪಿರಲಿಲ್ಲ. ಹಾಗೇ ಉಂಡೆವು.

ಮುಂದೆ ನಡೆದದ್ದನ್ನು ಈಗಿನವರು ಮೆಥಡ್ ಎಂದು ಕರೆಯುತ್ತಾರೇನೋ. ಅಮ್ಮ ಓದಿದ್ದು ಲೋವರ್ ಸೆಕೆಂಡರಿ. ಮೆಥಡ್ಡು ಗಿಥಡ್ಡು ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಎರಡು: ಅವರೆಕಾಯಿ ಮತ್ತು ಕಾದಂಬರಿ.

ಬಿಳೇಕಹಳ್ಳಿ ಕಡೆಯಿಂದ ಒಬ್ಬಾಕೆ ಬುಟ್ಟಿ ಹೊತ್ತು, ಇಬ್ಬನಿ ಕುಡಿದ ಸೊಗಡವರೆ ತರುತ್ತಿದ್ದಳು. ಅದನ್ನು ಸುಲಿದು, ಕಾಳನ್ನು ನೆನೆಹಾಕಿ, ಒಂದೊಂದೇ ಕಾಳನ್ನು ಹೆಬ್ಬೆರಳು-ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಆಚೆ ಬರುತ್ತದೆ. ಅದೇ ಹಿತಕವರೆ. ತಿನ್ನಲು ಸ್ವರ್ಗ, ಹಿತಕಲು ಶಿಕ್ಷೆ. ಒಂದು ಬೋಗುಣಿ ಮುಗಿಯುವಷ್ಟರಲ್ಲಿ ಉಗುರಿನ ಬುಡ ಚುರುಚುರು ಎನ್ನುತ್ತಿತ್ತು.

ಕಾದಂಬರಿ ತರುತ್ತಿದ್ದವನು ಸೈಕಲ್ಲಿನ ಮೇಲೆ ಲೈಬ್ರರಿ ಇಟ್ಟುಕೊಂಡಿದ್ದ ಒಬ್ಬಾತ. ಅಮ್ಮ ಅವನ್ನು ಓದುತ್ತಿದ್ದದ್ದು ಅಪ್ಪ ಆಫೀಸಿನಲ್ಲಿದ್ದಾಗ. ಆಗ ತಂದಿದ್ದ ದಪ್ಪ ಪುಸ್ತಕದಲ್ಲಿ ಒಬ್ಬ ಹುಡುಗಿ ರೈಲಿನಿಂದ ಇಳಿಯುತ್ತಾಳೆ, ಮನೆಗೆ ಬಂದು ನೋಡಿದರೆ ಕೈಯಲ್ಲಿರುವುದು ಬೇರೆ ಯಾರದೋ ಟ್ರಂಕು. ಅಷ್ಟರಲ್ಲಿ ಅಮ್ಮನ ಕೈ ಅವರೆಕಾಳಿನ ನೀರಿನಲ್ಲಿ ಮುಳುಗಿತ್ತು.

"ಯಾರಾದ್ರೂ ಓದ್ರೇ, ನನ್ನ ಕೈ ಒದ್ದೆ. ಓದೋರು ಹಿತಕಬೇಕಾಗಿಲ್ಲ."

ಅಕ್ಕ ಹಾರಿ ಪುಸ್ತಕ ಹಿಡಿದಳು. ಅವಳ ಗಂಟಲು ಆರಿದ ಮೇಲೆ ನಾನು. ಆಮೇಲೆ ಮತ್ತೆ ಅಕ್ಕ. ತಮ್ಮ ಮಾತ್ರ ಹಿತಕುತ್ತಲೇ ಇದ್ದ. ಎರಡು ಮೂರು ದಿನ ಸಹಿಸಿಕೊಂಡ.

"ಯಾವಾಗ್ಲೂ ನಾನೇ ಯಾಕೆ ಹಿತಕೋದು?" ಎಂದು ಕೊನೆಗೊಂದು ದಿನ ಬೋಗುಣಿ ತಳ್ಳಿದ.

"ಸರಿ, ಓದು ಹಾಗಾದ್ರೆ" ಎಂದಳು ಅಮ್ಮ, ತಲೆ ಎತ್ತದೆ.

"ನಂಗೆ ಬರಲ್ಲ."

"ಬಂದಷ್ಟು ಓದು. ಆ ಹುಡುಗಿ ಬೀಗದ ಕೈ ಹುಡುಕ್ತಾ ಇದಾಳೆ. ಸಿಕ್ತೋ ಇಲ್ವೋ, ಅಷ್ಟು ಹೇಳಿದ್ರೆ ಸಾಕು."

ಅವನು ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡ. ಹೊಟ್ಟೆನೋವು ಬರುತ್ತದೆಂದು ನಾವೆಲ್ಲ ಕಾದೆವು. ಬರಲಿಲ್ಲ. ಹಿಂದಿನ ದಿನ ಅಕ್ಕ ಓದಿದ ಸಾಲನ್ನು ಕಿವಿಯ ನೆನಪಿನಿಂದಲೇ ಒಪ್ಪಿಸಿದ, ಬೆರಳನ್ನು ಮಾತ್ರ ಅಕ್ಷರದ ಮೇಲೆ ಎಳೆಯುತ್ತ. ಆಮೇಲೆ ಹೊಸ ಸಾಲು. ಒಂದು ಪದ. ಇನ್ನೊಂದು. ಮೂರನೆಯದಕ್ಕೆ ಸಿಕ್ಕಿಕೊಂಡ. ಅಮ್ಮ ತಪ್ಪು ಎನ್ನಲಿಲ್ಲ. ಪಕ್ಕದಿಂದ ಬಗ್ಗಿ ನೋಡಿ, ತನಗೇ ತಡೆಯಲಾಗುತ್ತಿಲ್ಲ ಎನ್ನುವಂತೆ, "ಹೂಂ, ‘ಕಪಾಟಿನ’... ಆಮೇಲೆ? ಬೇಗ ಹೇಳೋ!" ಎಂದಳು. ನಿಜಕ್ಕೂ ತಡೆಯಲಾಗುತ್ತಿರಲಿಲ್ಲ ಅವಳಿಗೆ. ಅದು ಆಕ್ಟಿಂಗ್ ಅಲ್ಲ.

ಹೀಗೆ ದಿನಕ್ಕೆ ನಾಲ್ಕು ಸಾಲು, ಆಮೇಲೆ ಅರ್ಧ ಪುಟ. ಬೆಳಗಿನ ಹೊತ್ತು ಅಪ್ಪನ ಮುಂದೆ ಮಾತ್ರ ಅದೇ ದೊಣ್ಣೆ, ಅದೇ ಹೊಟ್ಟೆನೋವು. ಮಧ್ಯಾಹ್ನದ ಸ್ಕೂಲಿನ ಸುದ್ದಿ ಬೆಳಗಿನ ಸ್ಕೂಲಿಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಸೈಕಲ್ ಪಂಕ್ಚರಿನಿಂದ. ಒಂದು ಮಧ್ಯಾಹ್ನ ಯಾವುದೋ ಪಂಪು ನೋಡಲು ಹೊರಟಿದ್ದ ಅಪ್ಪ ಸೈಕಲ್ ತಳ್ಳಿಕೊಂಡು ಮನೆಗೇ ಬಂದರು. ನೋಡಿದರೆ ಇಡೀ ಸ್ಕೂಲು ಹಿತ್ತಲ ಜಗಲಿಯಲ್ಲಿ ಕಾಲು ಚಾಚಿಕೊಂಡು ಕೂತಿದೆ.

"ಏನಿದು? ಈಗ ಅರಿತ್‌ಮೆಟಿಕ್ ಪೀರಿಯಡ್!"

"ಅದೇ ನಡೀತಿದೆ. ಸೇರು ಕಾಳಿಗೆ ಎಷ್ಟು ಬೇಳೆ ಅಂತ" ಎಂದಳು ಅಮ್ಮ.

ಅಪ್ಪ ಗಂಟೆ ತರಲು ಒಳಗೆ ತಿರುಗಿದರು. ತಮ್ಮನ ಬೆನ್ನು ಅವರ ಕಡೆಗಿತ್ತು. ಟ್ರಂಕಿನ ಗುಂಗಿನಲ್ಲಿದ್ದ ಅವನಿಗೆ ಯಾರು ಬಂದರೂ ಒಂದೇ. ಓದುತ್ತಲೇ ಇದ್ದ. ಎಡವಿದ, ಎದ್ದ, ಮತ್ತೆ ಓದಿದ. ಅಪ್ಪ ಅಲ್ಲೇ ನಿಂತುಬಿಟ್ಟರು. ಗಾಬರಿಗೆ ನನ್ನ ಬೆರಳಿನಿಂದ ಚಿಮ್ಮಿದ ಬೇಳೆಯೊಂದು ಅವರ ಕನ್ನಡಕಕ್ಕೆ ಟಪ್ ಎಂದು ಬಡಿಯಿತು. ಒರೆಸಿಕೊಳ್ಳಲಿಲ್ಲ. ಮೆಲ್ಲಗೆ ಜಗಲಿಯ ಅಂಚಿಗೆ ಕೂತರು. ಅಮ್ಮನ ಕಡೆ ಬಗ್ಗಿ ಕೇಳಿದರು:

"ಆ ಟ್ರಂಕು ಅವಳದಲ್ವಾ ಹಾಗಾದ್ರೆ?"

ಮರುದಿನ ಟೈಮ್‌ಟೇಬಲ್ಲಿನಲ್ಲಿ ಒಂದು ಸಾಲು ಹೊಸದಾಗಿ ಬಂತು. ‘ಮೂರರಿಂದ ನಾಲ್ಕು: ಸಾಹಿತ್ಯ ಮತ್ತು ಹಿತಕವರೆ. ಕಾಳು ಮುಗಿದ ಕೂಡಲೇ ಪೀರಿಯಡ್ ಮುಗಿಯತಕ್ಕದ್ದು.’ ರೂಲಿಲ್ಲದೆ ಅಪ್ಪನಿಗೆ ಸಂತೋಷಪಡಲು ಬರುತ್ತಿರಲಿಲ್ಲ, ಪಾಪ. ಸಂಜೆ ಸೈಕಲ್ ಸ್ಟ್ಯಾಂಡು ಹಾಕುವ ಮೊದಲೇ, "ಇವತ್ತಿನ ಪಾಠ ಎಲ್ಲಿಗೆ ಬಂತು? ನಿಮ್ಮ ನಿಮ್ಮ ಮಾತಲ್ಲಿ ಹೇಳಿ. ಟೆಸ್ಟು" ಎನ್ನುತ್ತಿದ್ದರು. ನಾವು ಒಬ್ಬರ ಮೇಲೊಬ್ಬರು ಬಿದ್ದು ಹೇಳುತ್ತಿದ್ದೆವು. ಟೆಸ್ಟು ತೆಗೆದುಕೊಳ್ಳುವವರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಗಂಟೆ ದೇವರ ಮನೆಗೆ ವಾಪಸಾಯಿತು. ದೊಣ್ಣೆಯನ್ನು ಅಮ್ಮ ಅಡುಗೆಮನೆಯ ಕಿಟಕಿಗೆ ಆನಿಕೆ ಕೊಟ್ಟಳು.

ಮುಂದೆ ಕಾನ್ವೆಂಟಿನಲ್ಲಿ ಸಿಸ್ಟರ್ ನನ್ನನ್ನು, ಮನೆಯಲ್ಲಿ ಯಾರಮ್ಮಾ ನಿನಗೆ ಓದಲು ಕಲಿಸಿದ್ದು ಎಂದು ಇಂಗ್ಲಿಷಿನಲ್ಲಿ ಕೇಳಿದಾಗ, ಅವರೆಕಾಳಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ತಿಳಿಯದೆ "ಮೈ ಮದರ್, ಸಿಸ್ಟರ್" ಎಂದಷ್ಟೇ ಹೇಳಿದೆ.

ಸಂಕ್ರಾಂತಿ ಬಂತು, ದೊಡ್ಡಪ್ಪನೂ ಬಂದರು. ಕೋಟು, ಪೇಟ, ಕೈಚೀಲದಲ್ಲಿ ಒಂದು ಪಾಠಪುಸ್ತಕ. ಎಳ್ಳು-ಬೆಲ್ಲ ಬಾಯಿಗೆ ಹಾಕಿಕೊಂಡು, "ಎಲ್ಲಿ, ಬಾರಯ್ಯ ಇಲ್ಲಿ" ಎಂದು ತಮ್ಮನನ್ನು ಮೇಜಿನ ಮುಂದೆ ನಿಲ್ಲಿಸಿ, ಪುಸ್ತಕ ತೆರೆದು, ಬೆರಳಿನಿಂದ ಮೇಜು ಕುಟ್ಟಿದರು. ಅದೇ ಸದ್ದು. ತಮ್ಮನ ಮುಖ ಬಿಳಿಚಿಕೊಂಡಿತು.

"ಓದು."

ಇಲ್ಲ.

"ಈ ಒಂದು ಅಕ್ಷರ?"

ತಮ್ಮ ಹೊಟ್ಟೆ ಹಿಡಿದುಕೊಂಡ. ಅಪ್ಪ, "ಅಣ್ಣ, ನಿನ್ನೆ ಓದ್ತಿದ್ದ..." ಎಂದರು. ದೊಡ್ಡಪ್ಪ ಪುಸ್ತಕ ಮುಚ್ಚಿ, "ನಿನ್ನೆ ನಾನಿರ್ಲಿಲ್ಲ. ನಾನು ಸಂಜೆ ರೈಲಿಗೆ ಹೊರಡೋದು. ಇವನ ಬಟ್ಟೆ ಕಟ್ಟಮ್ಮ" ಎಂದರು.

ಅಮ್ಮ ಒಳಗೆ ಹೋದಳು. ಬಟ್ಟೆ ಕಟ್ಟಲು ಹೋದಳೆಂದೇ ನಾವು ಅಂದುಕೊಂಡೆವು. ಅಕ್ಕನ ಕಣ್ಣಲ್ಲಿ ಆಗಲೇ ನೀರು. ಅಮ್ಮ ಈಚೆ ಬಂದಾಗ ಕೈಯಲ್ಲಿದ್ದದ್ದು ಬೋಗುಣಿ. ಅದನ್ನು ತಂದು ನೇರವಾಗಿ ದೊಡ್ಡಪ್ಪನ ಮುಂದಿಟ್ಟಳು.

"ಕಟ್ತೀನಿ ಭಾವ. ಊಟ ಮಾಡ್ಕೊಂಡು ಹೊರಡಿ. ಹಿತಕವರೆ ಸಾರು ಅಂತಿದ್ದೆ, ಕಾಳು ಇನ್ನೂ ಹಿತಕಿಲ್ಲ. ನೀವೂ ಒಂದು ಕೈ ಹಾಕಿದ್ರೆ ಬೇಗ ಆಗುತ್ತೆ."

ನಮ್ಮ ಮನೆತನದ ಇತಿಹಾಸದಲ್ಲಿ ಯಾರೂ ದೊಡ್ಡಪ್ಪನಿಗೆ ಅಡುಗೆಮನೆ ಕೆಲಸ ಹೇಳಿದ್ದಿಲ್ಲ. ಅಪ್ಪ ಕಣ್ಣು ಮುಚ್ಚಿಕೊಂಡರು. ಆದರೆ ಸೊಗಡಿನ ವಾಸನೆ ಮೂಗಿಗೆ ಬಡಿದಿತ್ತು. ದೊಡ್ಡಪ್ಪ ಕೋಟು ಬಿಚ್ಚಿದರು, ಚಾಪೆಯ ಮೇಲೆ ಕೂತರು. ನಾವೂ ಸುತ್ತ ಕೂತೆವು. ಅಮ್ಮ ಒಂದು ಮಾತೂ ಆಡದೆ ಕಾದಂಬರಿಯನ್ನು ತಮ್ಮನ ತೊಡೆಯ ಮೇಲಿಟ್ಟು, ತಾನೂ ಕಾಳಿಗೆ ಕೈ ಹಾಕಿದಳು.

ತಮ್ಮ ಬೋಗುಣಿ ನೋಡಿದ. ಒದ್ದೆ ಕೈಗಳನ್ನೆಲ್ಲ ನೋಡಿದ. ಯಾರದ್ದೂ ಖಾಲಿ ಇಲ್ಲ. ಓದಲು ಶುರು ಮಾಡಿದ.

ಹುಡುಗಿ ದೀಪ ಹಿಡಿದು ಟ್ರಂಕಿನ ಹತ್ತಿರ ಬಂದಳು. ಬೀಗಕ್ಕೆ ಕೈ ಹಾಕಿದಳು. ಹೊರಗೆ ಯಾರೋ ಬಾಗಿಲು ತಟ್ಟಿದರು.

"ಯಾರ ಟ್ರಂಕೋ ಅದು?" ಎಂದರು ದೊಡ್ಡಪ್ಪ.

ನಾವೆಲ್ಲರೂ, ಅಪ್ಪನೂ ಸೇರಿ, ಒಟ್ಟಿಗೆ ಹಿಂದಿನ ಕತೆ ಹೇಳಿದೆವು. "ಹಾಗಾದ್ರೆ ಪೊಲೀಸಿಗೆ ಕೊಡ್ಬೇಕಿತ್ತು. ಮೂರ್ಖ ಹುಡುಗಿ. ಊಂ, ಮುಂದೆ" ಎಂದು ದೊಡ್ಡಪ್ಪ ಎಷ್ಟು ಜೋರಾಗಿ ಹಿತಕಿದರೆಂದರೆ ಬೇಳೆ ಹಾರಿ ಗೋಡೆಯ ಕ್ಯಾಲೆಂಡರಿಗೆ ಅಂಟಿತು. ತಮ್ಮ ಓದುತ್ತ ಹೋದ. ಬಾಗಿಲು ತೆರೆಯಿತು, ಮುಚ್ಚಿತು. ಹುಡುಗಿ ಮತ್ತೆ ಬೀಗದ ಹತ್ತಿರ ಬಂದು ಕೀಲಿ ತಿರುಗಿಸಿದಳು. ಮುಚ್ಚಳ ಮೇಲೆದ್ದಿತು.

ತಮ್ಮ ಪುಸ್ತಕ ಮುಚ್ಚಿದ.

"ಯಾಕೋ ನಿಲ್ಲಿಸ್ದೆ?"

"ಕಾಳು ಮುಗೀತು ದೊಡ್ಡಪ್ಪ. ಕಾಳು ಮುಗಿದ್ರೆ ಪೀರಿಯಡ್ ಮುಗೀತು."

"ಯಾರು ಮಾಡಿದ್ದು ಈ ರೂಲು?"

"ಹೆಡ್‌ಮಾಸ್ಟರು" ಎಂದು ಅಪ್ಪನನ್ನು ತೋರಿಸಿದ. ಅಪ್ಪ ಬೋಗುಣಿಯ ತಳವನ್ನೇ ನೋಡುತ್ತಿದ್ದರು.

ಇಡೀ ಜೀವಮಾನ ರೂಲು ಮಾಡಿದ ಮನುಷ್ಯ ಇನ್ನೊಬ್ಬ ಹೆಡ್‌ಮಾಸ್ಟರ ರೂಲನ್ನು ಹೇಗೆ ಮುರಿದಾರು? ದೊಡ್ಡಪ್ಪ ಖಾಲಿ ಬೋಗುಣಿ ನೋಡಿದರು. ಗೋಡೆ ಗಡಿಯಾರ ನೋಡಿದರು. ಆಮೇಲೆ ಬಹಳ ಮೆತ್ತಗೆ ಅಮ್ಮನನ್ನು ಕೇಳಿದರು:

"ಇನ್ನೊಂದು ಸೇರು ನೆನೆಹಾಕಿದ್ದೀಯೇನಮ್ಮ?"

"ಇಲ್ವಲ್ಲ ಭಾವ. ಈಗ ಹಾಕಿದ್ರೆ ನಾಳೆ ಬೆಳಿಗ್ಗೆಗೆ."

ಅವತ್ತು ದೊಡ್ಡಪ್ಪ ರೈಲಿಗೆ ಹೋಗಲಿಲ್ಲ. ಬೆಳಿಗ್ಗೆ ಎದ್ದಾಗ ಕಾಳು ನೆನೆದಿರಲಿಲ್ಲವೋ, ಅಮ್ಮ ಬೇಕೆಂದೇ ಬಲಿತ ಕಾಳು ಹಾಕಿದ್ದಳೋ, ಸಿಪ್ಪೆ ಬಿಡುವುದೇ ಇಲ್ಲ. ಕಾದು ಕಾದು ಅವರ ರೈಲಿನ ಹೊತ್ತಾಯಿತು. ಅವರು ಕೋಟು ತೊಟ್ಟು, ಕಾದಂಬರಿಯನ್ನು ಎತ್ತಿ ಕೈಚೀಲಕ್ಕೆ ಹಾಕಿಕೊಂಡರು. "ಇದು ಮಕ್ಕಳು ಓದೋಂಥದ್ದೋ ಅಲ್ವೋ, ನಾನು ಪರಿಶೀಲಿಸ್ಬೇಕು" ಎಂದರು. ಬಾಗಿಲಲ್ಲಿ ತಿರುಗಿ, "ಹುಡುಗ ಇಲ್ಲೇ ಇರ್ಲಿ" ಎಂದರು.

ಹುಡುಗನನ್ನು ಒಯ್ಯಲು ಬಂದವರು ಪುಸ್ತಕ ಒಯ್ದರು. ಅಮ್ಮ ಒಳಗೆ ಹೋಗಿ ಒಲೆಗೆ ಸೌದೆ ಇಟ್ಟಳು. ಲೈಬ್ರರಿಯವನಿಗೆ ಏನು ಹೇಳಿದಳೋ ನನಗೆ ನೆನಪಿಲ್ಲ.

ನಮಗೆ ಮಾತ್ರ ಟ್ರಂಕಿನದೇ ಚಿಂತೆ. ತಮ್ಮ ತಾನಾಗಿಯೇ ಒಂದು ಕಾರ್ಡು ಕೇಳಿ, ಜನ್ಮದಲ್ಲಿ ಮೊದಲ ಸಲ ಬರೆದ: ‘ದೊಡಪ್ಪ ಟಂಕಲಿ ಏನು ಇತು.’ ಕಾರ್ಡು ಕೆಂಪಿಂಕಿನಲ್ಲಿ ತಿದ್ದಿಸಿಕೊಂಡು ಲಕೋಟೆಯಲ್ಲಿ ವಾಪಸು ಬಂತು. ಕೆಳಗೆ, ‘ಬೇಸಿಗೆ ರಜಕ್ಕೆ ಬಾ, ಹೇಳುತ್ತೇನೆ.’

ಬೇಸಿಗೆ ಬಂತೋ ಇಲ್ಲವೋ, ತಮ್ಮ ತನ್ನ ಬಟ್ಟೆ ತಾನೇ ಗಂಟು ಕಟ್ಟಿಕೊಂಡ.

"ಹರಳೆಣ್ಣೆ ಕುಡಿಸ್ತಾರೋ" ಎಂದಳು ಅಮ್ಮ.

"ಕುಡೀತೀನಿ ಬಿಡಮ್ಮ."

"ಹಟ ಮಾಡಿ ಉಳಿಸ್ಕೊಂಡೆ. ನೋಡಿ, ಕತೆ ಆಸೆ ತೋರ್ಸಿ ಕರ್ಕೊಂಡು ಹೋದ್ರು" ಎಂದು ಅಪ್ಪನ ಮೇಲೆ ರೇಗಿದಳು. ರೈಲು ಹೊರಟಾಗ ಸೆರಗು ಅವಳ ಕೈಯಲ್ಲೇ ಇತ್ತು, ಹಿಡಿದುಕೊಳ್ಳುವವನು ಕಿಟಕಿಯಲ್ಲಿ ಕೈ ಬೀಸುತ್ತಿದ್ದ.

ರಜ ಮುಗಿಸಿ ಬಂದವನು ಒಮ್ಮೆಗೇ ಹೇಳಲಿಲ್ಲ. ಅವರೆ ಕಾಲ ಮುಗಿದಿತ್ತು. ಅಮ್ಮನ ಮುಂದೆ ವರ್ಷದ ಹುಣಸೆಹಣ್ಣು ರಾಶಿ ಬಿದ್ದಿತ್ತು. "ಬೀಜ ಬಿಡಿಸಿ, ಬಿಡಿಸಿದಷ್ಟು ಹೇಳ್ತೀನಿ" ಎಂದ. ನಾವು ಬಿಡಿಸಿದೆವು. ಅಮ್ಮನೂ, ಭಾನುವಾರ ಅಪ್ಪನೂ.

ಕೊನೆಗೆ ಮುಚ್ಚಳ ತೆರೆಯಿತು. ಟ್ರಂಕಿನ ತುಂಬ ಪಾಠಪುಸ್ತಕಗಳಂತೆ. ಹುಡುಗಿ ಅವನ್ನೆಲ್ಲ ಶ್ರದ್ಧೆಯಿಂದ ಓದಿ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳಂತೆ.

ಅಮ್ಮ ಕೈಯಲ್ಲಿದ್ದ ಹುಣಸೆಹಣ್ಣನ್ನು ರಾಶಿಗೆ ವಾಪಸು ಎಸೆದಳು. "ಇದು ಪುಸ್ತಕದಲ್ಲಿದ್ದದ್ದಲ್ಲ, ನಿಮ್ಮಣ್ಣ ಹೇಳಿದ್ದು" ಎಂದಳು ಅಮ್ಮ ಅಪ್ಪನಿಗೆ. ನನಗೂ ಹಾಗೇ ಅನಿಸುತ್ತದೆ. ಆದರೆ ಆ ಪುಸ್ತಕ ಮೈಸೂರಿನಿಂದ ಮತ್ತೆ ಬರಲೇ ಇಲ್ಲ.