ಊರಿಗಾಂ ದಿಬ್ಬದ ಬಂಗಲೆಯ ಬೆಲೆ

ಮಾರಾಟಕ್ಕೆ ನಿಂತ ಕೂಡಲೇ ಮನೆಗಳಿಗೆ ವಿಶೇಷಣಗಳು ಮುತ್ತಿಕೊಳ್ಳುವುದನ್ನು ನೀವೂ ಗಮನಿಸಿರಬಹುದು. ನಿನ್ನೆಯವರೆಗೆ ಬರಿಯ ಮನೆಯಾಗಿದ್ದುದು ಇಂಗ್ಲಿಷ್ ಪತ್ರಿಕೆಯ ಭಾನುವಾರದ ಪುಟವನ್ನೇರಿದೊಡನೆ ‘ಸಭ್ಯ ಗೃಹಸ್ಥರಿಗೆ ಯೋಗ್ಯವಾದ ಭವ್ಯ ನಿವಾಸ’ವಾಗಿಬಿಡುತ್ತದೆ, ಅದರ ಹಿತ್ತಿಲು ‘ಉದ್ಯಾನ’ವಾಗುತ್ತದೆ, ಹಿತ್ತಿಲಿನ ಒಂಟಿ ನುಗ್ಗೆಮರ ‘ಫಲವೃಕ್ಷಗಳು’ ಎಂದು ಬಹುವಚನಕ್ಕೆ ಬಡ್ತಿ ಪಡೆಯುತ್ತದೆ. ಮದುವೆಗೆ ಬಂದ ಗಂಡಿನ ಸಂಬಳವೂ ಮಾರಾಟಕ್ಕೆ ಬಂದ ಮನೆಯ ಗಾಳಿಬೆಳಕೂ ಹೇಳುವವರ ಬಾಯಲ್ಲೇ ಬೆಳೆಯುವಂಥವು. ಬಂಗಾರಪೇಟೆಯ ಹೈಸ್ಕೂಲಿನಲ್ಲಿ ಕನ್ನಡ ಪಂಡಿತನಾಗಿದ್ದ ನನಗೆ ಅತಿಶಯೋಕ್ತಿ ಅಲಂಕಾರಕ್ಕೆ ಉದಾಹರಣೆ ಬೇಕಾದಾಗಲೆಲ್ಲ, ಕಾವ್ಯವನ್ನು ಬದಿಗಿಟ್ಟು ಈ ಜಾಹೀರಾತುಗಳನ್ನೇ ಹುಡುಗರಿಗೆ ಓದಿ ಹೇಳಿಬಿಡೋಣವೆನ್ನಿಸುತ್ತಿತ್ತು.

ಇದು ಐವತ್ತರ ದಶಕ ಮುಗಿಯುತ್ತಿದ್ದ ಕಾಲದ ಮಾತು. ಚಿನ್ನದ ಗಣಿಗಳು ಸರ್ಕಾರದ ಕೈಗೆ ಬಂದಿದ್ದವು. ಬಿಳಿಯ ದೊರೆಗಳು ಒಬ್ಬೊಬ್ಬರಾಗಿ ಪೆಟ್ಟಿಗೆ ಕಟ್ಟುತ್ತಿದ್ದರು. ಗಣಿಯ ಬಂಗಲೆಗಳು ಗಣಿಗೇ ಉಳಿದವು. ಆದರೆ ಖಾಸಗಿ ಜಮೀನಿನಲ್ಲಿ ಸ್ವಂತಕ್ಕೆ ಕಟ್ಟಿಕೊಂಡಿದ್ದವರ ಬಂಗಲೆಗಳು ಮಾತ್ರ ಪತ್ರಿಕೆಯಲ್ಲಿ ಮೆರವಣಿಗೆ ಹೊರಟಿದ್ದವು. ಅವುಗಳನ್ನು ಓದುತ್ತಿದ್ದ ನಾನಾದರೋ ರೈಲ್ವೆ ಸ್ಟೇಷನ್ನಿನ ಹಿಂದೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆ. ಗೃಹಸ್ಥನೆಂದರೆ ಗೃಹದಲ್ಲಿ ನಿಂತವನು ಎಂದು ತರಗತಿಯಲ್ಲಿ ಅರ್ಥ ಹೇಳುತ್ತಿದ್ದೆನಲ್ಲ, ನನ್ನ ಗೃಹದಲ್ಲಿ ನಿಲ್ಲುವುದಕ್ಕೆ ಮಾತ್ರವೇ ಜಾಗವಿತ್ತು.

ಒಂದು ಭಾನುವಾರ ಹೊಸದೊಂದು ಜಾಹೀರಾತನ್ನು ಕನ್ನಡಕ್ಕೆ ತಿರುಗಿಸುತ್ತ ನನ್ನ ಹೆಂಡತಿ ಜಾನಕಿಗೆ ಓದಿ ಹೇಳಿದೆ: ಊರಿಗಾಂ ಬಳಿ ದಿಬ್ಬದ ಮೇಲೆ ಪ್ರತಿಷ್ಠಿತ ಬಂಗಲೆ, ಪ್ರಶಾಂತ ಪರಿಸರ, ಪರ್ವತಗಳ ರಮಣೀಯ ನೋಟ, ಬೆಲೆ ಇಪ್ಪತ್ತು ಸಾವಿರ. ಜಾನಕಿ ಬೇತಮಂಗಲದ ಬೇಸಾಯಗಾರರ ಮನೆಯ ಮಗಳು, ಅಲಂಕಾರಗಳ ಹಂಗಿಲ್ಲದವಳು.

“ಇಪ್ಪತ್ತು ಸಾವ್ರ ಕೊಟ್ಟು ತಗೊಳ್ಳಕ್ಕಾಗಲ್ಲ, ಸರಿ. ನೋಡಕ್ಕೂ ದುಡ್ಡು ಕೇಳ್ತಾರಾ?” ಎಂದಳು.

ಅಂದೇ ಮಧ್ಯಾಹ್ನದ ರೈಲು ಹತ್ತಿ ಊರಿಗಾಮಿನಲ್ಲಿ ಇಳಿದೆವು. ಮದುವೆಯ ಕೋಟು ತೊಟ್ಟಿದ್ದ ನಾನು ಇಪ್ಪತ್ತು ಸಾವಿರದ ಮನುಷ್ಯನಂತೆ ನಡೆಯಲು ಯತ್ನಿಸುತ್ತ, ದಿಬ್ಬ ಹತ್ತುವಷ್ಟರಲ್ಲಿ ಇಪ್ಪತ್ತು ರೂಪಾಯಿಯವನಂತೆ ಏದುತ್ತಿದ್ದೆ. ಜಾಹೀರಾತಿನ ಪರ್ವತಗಳು ಎದುರಿಗೇ ಇದ್ದವು: ಅದಿರನ್ನರೆದು ಚಿನ್ನ ತೆಗೆದ ಮೇಲೆ ಉಳಿದ ಮರಳನ್ನು ಸುರಿದು ಸುರಿದು ಎದ್ದ ಸಯನೈಡ್ ಗುಡ್ಡಗಳು, ಬಿಸಿಲಿಗೆ ಹಳದಿ ತಿರುಗಿ, ಗಾಳಿ ಬಂದರೆ ಕಣ್ಣಿಗೇ ಬಂದು ಬೀಳುವಷ್ಟು ಆತ್ಮೀಯವಾಗಿದ್ದವು.

ಮನೆಯೊಡೆಯರು ಪೆರೇರಾ ಸಾಹೇಬರು. ಗಣಿಯೊಳಗೆ ಆಯುಷ್ಯ ಸವೆಸಿ ನಿವೃತ್ತರಾದವರು, ಹೆಂಡತಿಯನ್ನು ಕಳೆದುಕೊಂಡವರು, ಒಬ್ಬಳೇ ಮಗಳನ್ನು ಆಸ್ಟ್ರೇಲಿಯಕ್ಕೆ ಕಳಿಸಿದವರು. ಮನೆ ಮಾರಿ ತನ್ನ ಬಳಿ ಬಂದುಬಿಡಿ ಎಂಬುದು ಮಗಳ ಹಟ. ಅವರು ನನ್ನನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ ಹಂಚಿನ ಗುಣ, ತೊಲೆಯ ತೂಕ, ನೆಲದ ನುಣುಪುಗಳನ್ನು ವರ್ಣಿಸುತ್ತಿದ್ದಾಗ, ಅಡುಗೆಯ ಮುನಿಯಪ್ಪ ಜಾನಕಿಯನ್ನು ಹಿತ್ತಿಲಿಗೆ ಕರೆದೊಯ್ದ. ಬೂದಿಕೋಟೆಯ ಕಡೆಯವನು, ಬಹುಕಾಲದಿಂದ ಆ ಮನೆಯಲ್ಲೇ ಇದ್ದವನು. ಹಿತ್ತಿಲಿನಲ್ಲಿ ನಡೆದ ಸಂಭಾಷಣೆಯನ್ನು ಜಾನಕಿ ಆಮೇಲೆ ನನಗೆ ಎಷ್ಟು ಸಲ ಅಭಿನಯಿಸಿ ತೋರಿಸಿದಳೆಂದರೆ, ನಾನೇ ಕೇಳಿದೆನೆಂದು ಈಗ ನಂಬಿಕೊಂಡಿದ್ದೇನೆ.

“ಅಮ್ಮಾ, ನಮ್ಮೋರ ತರ ಕಾಣ್ತೀರಿ, ಅದುಕ್ಕೆ ಏಳ್ತೀನಿ. ಈ ಮನೆ ಬ್ಯಾಡಿ. ಸೂರು ಸೋರ್ತದೆ. ಇಲ್ಲೆಲ್ಲ ಆವು ಓಡಾಡ್ತವೆ.”

“ಆವಿದ್ರೆ ಎಗ್ಗಣ ಇರಲ್ಲ. ಒಳ್ಳೇದೇ ಆಯ್ತು ಬಿಡಣ್ಣ.”

“ಬಾವಿ ನೀರು ಬರೀ ಉಪ್ಪು.”

“ಕೊಳಾಯಿನಾಗೆ ಬೇತಮಂಗಲದ ನೀರು ಬತ್ತದಲ್ಲ? ನಮ್ಮೂರ ನೀರು ಕಣಣ್ಣ ಅದು. ಯಾಕೆ, ಬಂದೋರ್ನೆಲ್ಲ ಇಂಗೇ ಓಡಿಸ್ತೀಯಾ?”

ಮುನಿಯಪ್ಪ ಹೇಳಿದನಂತೆ: “ಏನ್ಮಾಡ್ಲವ್ವ. ಮನೆ ಮಾರುದ್ರೆ ದೊರೆ ಮಗಳತ್ರ ಓಗ್ತಾರೆ. ನಾನ್ ಯಾರತ್ರ ಓಗ್ಲಿ? ನನ್ ಮಗ ಗಣೀಗೆ ಇಳೀತಾನೆ, ಕೂಲಿ ಲೈನಿನಾಗೆ ಒಂದೇ ರೂಮು, ಅದ್ರಾಗೆ ಅವ್ನ ಎಂಡ್ತಿ ಮಕ್ಳು.”

ಜಾನಕಿ ಅಂದಿನಿಂದ ಅವನಿಗೆ ತಂಗಿಯಾದಳು, ನಾನು ಭಾವನಾದೆ, ಆ ಬಂಗಲೆ ನಮ್ಮ ಭಾನುವಾರವಾಯಿತು. ಪ್ರತಿಸಲವೂ ಏನಾದರೊಂದು ನೆಪ. ಒಮ್ಮೆ ಗೋಡೆಯ ದಪ್ಪ ನೋಡುವುದು ಬಾಕಿ ಇರುತ್ತಿತ್ತು, ಇನ್ನೊಮ್ಮೆ ಗಾಳಿಯ ದಿಕ್ಕು. ಸಾಹೇಬರು ಒಮ್ಮೆಯೂ ‘ಕೊಳ್ಳುತ್ತೀರೋ ಇಲ್ಲವೋ’ ಎಂದು ಕೇಳದೆ ಕೇಕು ಕೊಡಿಸುತ್ತಿದ್ದರು.

ಬೆಲೆಯ ವಿಷಯದಲ್ಲಿ ನಾನು ಕಂಡುಕೊಂಡ ಒಂದು ತತ್ತ್ವವನ್ನು ಇಲ್ಲಿ ನಿಮ್ಮ ಕಿವಿಯಲ್ಲಿ ಹೇಳಬೇಕು. ಹೆಚ್ಚಿನ ಬೆಲೆ ಬಡವನಿಗೆ ಬೇಲಿಯಲ್ಲ, ಕವಚ. ಇಪ್ಪತ್ತು ಸಾವಿರದ ಮುಂದೆ ನಿಂತು ‘ಸ್ವಲ್ಪ ಜಾಸ್ತಿಯಾಯಿತು’ ಎಂದು ಗದ್ದ ಸವರಿಕೊಳ್ಳುವಾಗ ಕೋಟ್ಯಧೀಶ್ವರನಿಗೂ ನನಗೂ ವ್ಯತ್ಯಾಸವೇ ಇರಲಿಲ್ಲ. ಇಬ್ಬರೂ ಅದೇ ಮಾತನ್ನು ಅದೇ ಗಾಂಭೀರ್ಯದಿಂದ ಆಡುತ್ತೇವೆ. ಬೆಲೆ ಇಳಿದಾಗಲೇ ಅಪಾಯ. ಮಗಳ ಅವಸರ ಹೆಚ್ಚಿದಂತೆಲ್ಲ ಪತ್ರಿಕೆಯಲ್ಲಿ ಅಂಕಿ ಹದಿನೆಂಟಾಯಿತು, ಹದಿನಾರಾಯಿತು, ಹದಿನಾಲ್ಕಕ್ಕೆ ಬಂತು. ಬೆಲೆಯೆಂಬುದು ಬಲೆಯಾಗಲು ಒಂದು ಏತ್ವ ಕಳಚಿದರೆ ಸಾಕಲ್ಲವೆ! ಹದಿನಾಲ್ಕಾದ ದಿನ ಜಾನಕಿ ತನ್ನ ಕೈಬಳೆಗಳನ್ನು ಸುಮ್ಮನೆ ತಿರುಗಿಸುತ್ತ, ಬೇತಮಂಗಲದ ಗದ್ದೆಯಲ್ಲಿ ತನ್ನ ಪಾಲು ಎಷ್ಟಿರಬಹುದೆಂದು ಕೇಳಿದಳು. ಇಪ್ಪತ್ತು ಸಾವಿರದಲ್ಲಿ ರಸಿಕನಾಗಿದ್ದ ನಾನು ಹದಿನಾಲ್ಕಕ್ಕೆ ಬೆವರಿದೆ. ಅವಳು ಆ ಮನೆಯನ್ನು ನಿಜವಾಗಿಯೂ ಬಯಸುತ್ತಿದ್ದಳೆಂಬುದು ಆವರೆಗೆ ನನಗೆ ಹೊಳೆದೇ ಇರಲಿಲ್ಲ.

ಮುಂದಿನ ಭಾನುವಾರ ನಾವು ಹೋದಾಗ ಪೆರೇರಾ ಸಾಹೇಬರ ಮುಖ ಬಾಡಿತ್ತು. ಜಾನಕಿ ಅಡುಗೆಮನೆಗೆ ಹೋದ ಮೇಲೆ ನನ್ನನ್ನು ಜಗಲಿಯ ಮೂಲೆಗೆ ಕರೆದರು.

“ಮೇಷ್ಟ್ರೇ, ಈಗೊಬ್ಬ ಬರ್ತಾನೆ. ಕಡಲೆಕಾಯಿ ಎಣ್ಣೆ ಮಿಲ್ಲಿನವನು. ಹದಿನಾಲ್ಕು ಕೊಡ್ತಾನಂತೆ, ಕೈಯಲ್ಲೇ ನಗದು. ನೀವು ಹದಿನೈದು ಅಂತ ಹೇಳಿ.”

“ನಾನೇ? ಸಾಹೇಬರೇ, ನಾನು…”

“ನೀವು ತಗೊಳ್ಳೋದಿಲ್ಲ ಅಂತ ಮೊದಲ್ನೇ ದಿನವೇ ಗೊತ್ತು. ಅದಕ್ಕೇ ಅಲ್ವಾ ನಿಮಗೆ ಕೇಕ್ ಕೊಟ್ಟಿದ್ದು! ಮಗಳಿಗೆ ನಾನು ಮನೆ ಮಾರೋಕೆ ಟ್ರೈ ಮಾಡ್ತಾ ಇದ್ದೀನಿ ಅಂತ ಕಾಣಬೇಕು. ಆದ್ರೆ ಮಾರಬಾರದು. ನಿಮ್ಮಂಥ ಒಳ್ಳೇ ಗಿರಾಕಿ ನನಗೆ ಎಲ್ಲಿ ಸಿಗ್ತಾರೆ?”

ಕೊಳ್ಳಲಾರದವನೆಂಬ ಕಾರಣಕ್ಕೇ ಇಷ್ಟೊಂದು ಗೌರವ ನನಗೆ ಮತ್ತೆಲ್ಲೂ ದೊರೆತಿಲ್ಲ. ಅದನ್ನು ಅರಗಿಸಿಕೊಳ್ಳುವಷ್ಟರಲ್ಲಿ ಕಾರು ಬಂದು ನಿಂತಿತು. ಅದರಿಂದಿಳಿದವರು ಬಂಗಾರಪೇಟೆಯ ಚೆನ್ನರಾಯಪ್ಪನವರು. ಅವರ ಮಗ ನನ್ನ ತರಗತಿಯಲ್ಲಿ ಮೂರನೆಯ ಬೆಂಚಿನಲ್ಲಿ ನಿದ್ದೆ ಮಾಡುತ್ತಿದ್ದ.

“ಏನ್ ಮೇಷ್ಟ್ರೇ, ನೀವಿಲ್ಲಿ?”

“ಇವರೂ ಮನೆ ನೋಡೋಕೆ ಬಂದಿದ್ದಾರೆ. ಹದಿನೈದು ಅಂತಾರೆ,” ಎಂದರು ಸಾಹೇಬರು.

ಚೆನ್ನರಾಯಪ್ಪನವರು ನನ್ನನ್ನು ಚಪ್ಪಲಿಯಿಂದ ಮೇಲಕ್ಕೆ ನಿಧಾನವಾಗಿ ಓದಿದರು. “ಅದಿನಾರು,” ಎಂದರು.

ನಾನು ಕಣ್ಣು ಮುಚ್ಚಿ “ಹದಿನೆಂಟು” ಎಂದೆ. ಸಾಲ ಮಾಡದೆ, ಸಾಕ್ಷಿಯಿಲ್ಲದೆ, ಒಂದೇ ಉಸಿರಿನಲ್ಲಿ ಹದಿನೆಂಟು ಸಾವಿರ ಉಚ್ಚರಿಸುವುದರಲ್ಲಿ ಎಂಥ ಸುಖವಿದೆಯೆಂಬುದನ್ನು ಉಚ್ಚರಿಸಿದವರೇ ಬಲ್ಲರು. ಅವರು ಇಪ್ಪತ್ತೆಂದರು, ನಾನು ಇಪ್ಪತ್ತೆರಡೆಂದೆ. ಅವರು ಹೆದರಿ ಹಿಂದೆ ಸರಿಯುತ್ತಾರೆಂದು ಸಾಹೇಬರ ಊಹೆ. ಆದರೆ ಚೆನ್ನರಾಯಪ್ಪನವರ ಕಣ್ಣು ಸಣ್ಣಗಾಗಿ ನೆಲವನ್ನು ನೋಡತೊಡಗಿತು.

“ಮೇಷ್ಟ್ರು ಓದಿರೋರು, ಸುಮ್ಸುಮ್ನೆ ಕೂಗಲ್ಲ,” ಎಂದು ತಮಗೆ ತಾವೇ ಹೇಳಿಕೊಂಡರು. “ಕೆಳಗೇನೋ ಐತೆ. ಇಪ್ಪತ್ತೈದು!”

ಆಗ ಅಡುಗೆಮನೆಯ ಬಾಗಿಲಿನಿಂದ ಜಾನಕಿಯ ದನಿ ಕೇಳಿಸಿತು: “ಇಪ್ಪತ್ತೆಂಟು.”

ನಾನು ತಿರುಗಿ ನೋಡಿದೆ. ಅವಳು ಆಟವಾಡುತ್ತಿರಲಿಲ್ಲ. ಬಾಗಿಲ ಚೌಕಟ್ಟಿನ ಮೇಲೆ ಅಂಗೈಯೂರಿ, ಮನೆಯನ್ನು ಯಾರೋ ತನ್ನ ಕೈಯಿಂದ ಕಿತ್ತುಕೊಳ್ಳುತ್ತಿರುವಂತೆ ನಿಂತಿದ್ದಳು.

“ಮೂವತ್ತು,” ಎಂದರು ಚೆನ್ನರಾಯಪ್ಪನವರು.

ಆ ಮಾತಿನ ಬೆನ್ನಿಗೇ ನೆಲದಾಳದಲ್ಲಿ ಏನೋ ದಡ್ಡನೆ ಒಡೆಯಿತು. ಗೋಡೆ ಅದುರಿತು, ಬೀರುವಿನೊಳಗಿನ ಪಿಂಗಾಣಿಗಳೆಲ್ಲ ಒಟ್ಟಿಗೆ ಹಲ್ಲು ಕಡಿದವು, ಸೂರಿನಿಂದ ಮಣ್ಣುದುರಿತು. ಗಣಿಯ ಊರಿನವರಿಗೆ ಇದು ಹೊಸದಲ್ಲ: ಕೆಳಗೆ ಒತ್ತಡಕ್ಕೆ ಬಂಡೆ ಸಿಡಿದರೆ ಮೇಲೆ ಮನೆ ನಡುಗುತ್ತದೆ. ಆದರೆ ಸಿಡಿದದ್ದು ಎಲ್ಲಿ, ಅಲ್ಲಿ ಆಳುಗಳಿದ್ದರೋ ಇಲ್ಲವೋ ಎಂಬುದು ತಿಳಿಯುವವರೆಗೆ ಯಾರೂ ಕುಳಿತುಕೊಳ್ಳುವುದಿಲ್ಲ. ಪೆರೇರಾ ಸಾಹೇಬರು ಆಗಲೇ ಗೇಟಿನ ಬಳಿ ನಿಂತು ಆಳುಗಳನ್ನು ಗಣಿಗೆ ಇಳಿಸಿ ಏರಿಸುವ ಗಾಲಿಗೋಪುರದ ಕಡೆ ಕಿವಿಯಾನಿಸಿದ್ದರು. ಮುನಿಯಪ್ಪ ಕೈಯಲ್ಲಿದ್ದ ತಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ.

“ನನ್ ಮಗ… ಇವತ್ತು ಅವನದು ಇದೇ ಪಾಳಿ ಕಣವ್ವ,” ಎಂದ ಜಾನಕಿಗೆ. ಅವಳು ತಟ್ಟೆಯನ್ನು ಇಸಿದುಕೊಂಡು ಅವನ ತೋಳು ಹಿಡಿದಳು.

ಚೆನ್ನರಾಯಪ್ಪನವರು ಮೂವತ್ತು ಸಾವಿರವನ್ನು ಮರೆತು ಮುನಿಯಪ್ಪನಿಗೆ ಕಾರಿನ ಬಾಗಿಲು ತೆಗೆದರು. “ಅತ್ತಪ್ಪಾ. ನಿಂತ್ಕಂಡು ಏನ್ ನೋಡ್ತೀಯಾ, ಅತ್ತು!”

ಮುನಿಯಪ್ಪನನ್ನು ಹತ್ತಿಸಿಕೊಂಡ ಕಾರು ಇಳಿಜಾರಿನಲ್ಲಿ ಮರೆಯಾಯಿತು. ನಾನೂ ಜಾನಕಿಯೂ ಜಗಲಿಯ ಮೆಟ್ಟಿಲ ಬಳಿ ಉಳಿದೆವು. ದಾರಿಯಲ್ಲಿ ಹೆಂಗಸರು ಸೆರಗು ಬಿಗಿದುಕೊಂಡು ಗಣಿಯ ಕಡೆಗೆ ಬಿರಬಿರನೆ ಹೋಗುತ್ತಿದ್ದರು. ವಿಶೇಷಣಗಳಿಂದಲೇ ಹೊಟ್ಟೆ ಹೊರೆಯುವ ನನಗೆ ಒಂದು ಪದವೂ ಹೊಳೆಯಲಿಲ್ಲ. ಬಿಸಿಲು ಸಯನೈಡ್ ಗುಡ್ಡದಿಂದ ಇಳಿದು ಹೋಗುವವರೆಗೂ ಸಾಹೇಬರು ಗೇಟು ಬಿಟ್ಟು ಕದಲಲಿಲ್ಲ.

ಕಾರು ಮರಳಿ ಬಂದಾಗ ಹಿಂದಿನ ಸೀಟಿನಲ್ಲಿ ಇಬ್ಬರಿದ್ದರು. ಬಂಡೆ ಸಿಡಿದದ್ದು ಕೆಲಸ ನಿಂತುಹೋದ ಹಳೆಯ ಸುರಂಗದಲ್ಲಿ. ಪಾಳಿಯವರೆಲ್ಲ ಕ್ಷೇಮವಾಗಿ ಮೇಲೆ ಬಂದಿದ್ದರು. ಮುನಿಯಪ್ಪನ ಮಗ ರೆಪ್ಪೆಯವರೆಗೂ ಧೂಳು ಮೆತ್ತಿಕೊಂಡು, ಅಂಥ ಕಾರಿನ ಮೆತ್ತೆಯನ್ನು ಹೊಲಸು ಮಾಡಿದೆನಲ್ಲಾ ಎಂದು ನಾಚುತ್ತ ಇಳಿದ. ಮುನಿಯಪ್ಪ ನೇರವಾಗಿ ಒಳಗೆ ಹೋಗಿ ಎಲ್ಲರಿಗೂ ಕಾಫಿಗಿಟ್ಟ.

ಕಾಫಿ ಕುಡಿಯುತ್ತ ಸಾಹೇಬರು ಹೇಳಿದರು: “ಚೆನ್ನರಾಯಪ್ಪ, ಕ್ಷಮಿಸಿ. ಈ ಮನೆ ಮಾರಾಟಕ್ಕಿಲ್ಲ. ಮಗಳಿಗೆ ನಾನೇ ಬರೀತೀನಿ. ಅವಳೂರಿನಲ್ಲಿ ನೆಲ ಅಲ್ಲಾಡೋದೇ ಇಲ್ಲವಂತೆ. ಅಲ್ಲಿ ಕೂತು, ಇಲ್ಲಿ ಅಲ್ಲಾಡ್ತೋ ಏನೋ ಅಂತ ದಿನಾ ಯೋಚಿಸ್ತಾ ಇರಬೇಕಾಗುತ್ತೆ. ನನ್ನ ಕೈಲಿ ಆಗೋದಿಲ್ಲ.”

“ಮಾರಲ್ಲ ಅಂತ ಮೊದ್ಲೇ ಏಳಿದ್ರೆ ನಾನು ಅದಿನಾಲ್ಕಕ್ಕೇ ಬಾಯಿ ಮುಚ್ಕಂತಿದ್ನಲ್ಲ ಸ್ವಾಮಿ!” ಎಂದು ಚೆನ್ನರಾಯಪ್ಪನವರು ನಕ್ಕರು. ಮುನಿಯಪ್ಪ ಅವರ ಲೋಟಕ್ಕೆ ಕೇಳದೆಯೇ ಇನ್ನಷ್ಟು ಕಾಫಿ ಸುರಿದ.

ಬಂಗಾರಪೇಟೆಗೆ ನಮ್ಮನ್ನು ಚೆನ್ನರಾಯಪ್ಪನವರು ತಮ್ಮ ಕಾರಿನಲ್ಲೇ ಕರೆತಂದರು. ಊರು ಸಮೀಪಿಸಿದಾಗ ತಡೆಯಲಾರದೆ ಕೇಳಿದರು: “ಮೇಷ್ಟ್ರೇ, ನಿಜ ಏಳಿ. ಆ ಮನೆ ಕೆಳಗೆ ಚಿನ್ನ ಐತಾ?”

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಜಾನಕಿ ಹೇಳಿದಳು: “ಇತ್ತು ಯಜಮಾನ್ರೇ. ಸಾಯಂಕಾಲ ಮೇಲಕ್ಕೆ ಬಂತಲ್ಲ, ನಿಮ್ ಕಾರಿನಾಗೇ ತಂದ್ರಲ್ಲ.”

ಜಾನಕಿ ಆ ವಾರವೆಲ್ಲ ಬಂಗಲೆಯ ಸುದ್ದಿಯನ್ನೆತ್ತಲಿಲ್ಲ. ಅವಳ ಮೌನವನ್ನು ಕಂಡು ನನಗೆ, ಬಚಾವಾದೆನೆಂಬ ನೆಮ್ಮದಿಯ ಜೊತೆಗೇ, ಏನನ್ನೋ ಅವಳಿಗೆ ಕೊಡಲಾರದೆ ಹೋದೆನೆಂಬ ಸಂಕಟವೂ ಸೇರಿಕೊಂಡು ಬಂದಿತ್ತು.

ಭಾನುವಾರ ಬಂತು. ಪತ್ರಿಕೆಯಲ್ಲಿ ಆ ಜಾಹೀರಾತು ಇರಲಿಲ್ಲ. ಬೇರೆ ಊರುಗಳ ಭವ್ಯ ನಿವಾಸಗಳು ಎಂದಿನಂತೆ ಸಾಲಾಗಿ ನಿಂತಿದ್ದರೂ ಯಾವುದನ್ನೂ ಓದಿ ಹೇಳುವ ಉತ್ಸಾಹ ನನಗಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ತಲೆಯೆತ್ತಿ ನೋಡಿದರೆ, ಜಾನಕಿ ಒಳ್ಳೆಯ ಸೀರೆಯುಟ್ಟು, ಡಬ್ಬಿಯ ತುಂಬ ಚಕ್ಕುಲಿ ತುಂಬಿ, ಬಾಗಿಲಲ್ಲಿ ನಿಂತಿದ್ದಾಳೆ.

“ಏಳಿ, ರೈಲಿನೊತ್ತಾಯ್ತು.”

“ಅಲ್ಲ ಜಾನಕಿ, ಆ ಮನೆ ಈಗ ಮಾರಾಟಕ್ಕಿಲ್ಲವಲ್ಲ?”

“ಮಾರಕ್ಕಿಲ್ದೇ ಇರೋ ಮನೇಗೂ ಜನ ಓಗ್ತಾರೆ ಕಣ್ರೀ,” ಎಂದಳು. “ಅದುಕ್ಕೆ ನೆಂಟಸ್ತನ ಅಂತಾರೆ.”

ನಾನು ಪತ್ರಿಕೆಯನ್ನು ಮಡಿಸಿಟ್ಟು ಎದ್ದೆ.