ಗಿವ್ ಮತ್ತು ಗೇವ್

ಮಕ್ಕಳೇ, ಶಿವಮೊಗ್ಗದ ವಿನೋಬನಗರದ ಬಾಡಿಗೆ ಕೋಣೆಗೆ ಬಂದ ಮೊದಲ ವಾರ ನನ್ನನ್ನು ಹೆದರಿಸಿದ್ದು ಅಲ್ಲಿನ ಮೌನ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಿಮ್ಮ ಅಜ್ಜ ಒಮ್ಮೆ ಕೆಮ್ಮಿದರೆ ಗೋಡೆಯಾಚೆಯಿಂದ ಪಕ್ಕದ ಮನೆಯ ಸೆಲ್ವಿ ತಮಿಳಿನಲ್ಲೇ ವಿಚಾರಿಸುತ್ತಿದ್ದಳು. ಇಲ್ಲಿ ನಾನು ಮೂರು ದಿನ ಕೆಮ್ಮಿದೆ. ಯಾರ ಗೇಟೂ ತೆರೆಯಲಿಲ್ಲ. ಬಸ್ಸಿನಲ್ಲಿ ಬಂದರೆ ಸ್ವಲ್ಪವೇ ದೂರ, ಆದರೂ ಬೇರೆ ದೇಶ.

ಅಜ್ಜ ಹೋದ ಮೇಲೆ ಕ್ವಾರ್ಟರ್ಸ್ ಬಿಡಬೇಕಾಯಿತು. ಇಲ್ಲಿ ಎಂಬತ್ತು ದಾಟಿದ ಗೌರಮ್ಮನವರನ್ನು ಹಗಲು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅವರಿಗೆ ಮರೆವು. ಅವರ ಸೊಸೆ ನೇಹಾ ನಾಗಪುರದವರು. ಕನ್ನಡ ಮಾತಾಡುತ್ತಾರೆ, ಓದಲು ಬಾರದು. ಸಂಜೆ ನಾನು ಆರಕ್ಕೆ ಹೊರಡುತ್ತೇನೆ, ಅವರು ಆಫೀಸಿನಿಂದ ಆರೂವರೆಗೆ ಬರುತ್ತಾರೆ. ಹಾಗಾಗಿ ದಿನದ ಸಂಗತಿಯನ್ನೆಲ್ಲ ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ಬರೆದಿಡಬೇಕು. ಹಳ್ಳಿಯ ಏಳನೇ ತರಗತಿಯ ಇಂಗ್ಲಿಷೇ ನನ್ನ ಬಂಡವಾಳ.

ಒಂದು ಸಂಜೆ ಗೌರಮ್ಮನವರು ಬೇಗ ಹಸಿವೆಂದರು. ಊಟ ಬಡಿಸಿ, ನೇಹಾ ಕೊಡಬೇಕಿದ್ದ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನಾನೇ ಕೊಟ್ಟೆ. ‘ಗಿವ್ ಶುಗರ್ ಟ್ಯಾಬ್ಲೆಟ್’ ಎಂದು ಬರೆದು ಹೊರಟೆ.

ಮರುದಿನ ಬೆಳಿಗ್ಗೆ ಗೌರಮ್ಮನವರು ಬಿಳಿಚಿಕೊಂಡು ಮಲಗಿದ್ದರು. ನೇಹಾ ಆಫೀಸಿಗೆ ಹೋಗಿರಲಿಲ್ಲ.

“ನಿನ್ನೆ ತುಂಬಾ ಬೆವರು, ಕೈ ನಡುಕ. ಶುಗರ್ ಲೋ ಆಗಿತ್ತು. ಒಂದು ಮಾತ್ರೆಗೇ ಹಿಂಗಾದ್ರೆ ಅರ್ಧ ಮಾಡಬೇಕು ಅಂತಾರೆ ಡಾಕ್ಟರ್,” ಎಂದರು.

ಒಂದೇ ಮಾತ್ರೆಯಲ್ಲ, ನಾನು ಕೊಟ್ಟ ಮೇಲೆ ನೇಹಾ ಇನ್ನೊಂದು ಕೊಟ್ಟಿದ್ದಾರೆ ಎಂದು ಆಗ ಹೊಳೆಯಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿದರೆ ಕೆಲಸವೂ ಹೋಗುತ್ತದೆ, ಕೋಣೆಯೂ ಹೋಗುತ್ತದೆ. ಆದರೆ ಡಾಕ್ಟರು ಸುಳ್ಳು ಲೆಕ್ಕದ ಮೇಲೆ ಮಾತ್ರೆ ಬದಲಿಸುತ್ತಾರೆ.

“ನಾನೂ ಒಂದು ಕೊಟ್ಟಿದ್ದೆ ಕಣಮ್ಮ. ಊಟದ ಜೊತೆಗೆ.”

“ಮತ್ತೆ ಗಿವ್ ಅಂತ ಯಾಕೆ ಬರ್ದ್ರಿ ಸರೋಜಮ್ಮ? ಗಿವ್ ಅಂದ್ರೆ ಕೊಡಿ ಅಂತ. ಕೊಟ್ಟೆ ಅನ್ನೋಕೆ ಗೇವ್.”

ನೇಹಾ ಡಾಕ್ಟರಿಗೆ ಫೋನ್ ಮಾಡಿ ಬಂದು ನನ್ನನ್ನೇ ನೋಡುತ್ತ ನಿಂತರು. ಹಾಸಿಗೆಯಿಂದ ಗೌರಮ್ಮನವರ ದನಿ ಬಂತು. “ಅವಳನ್ನ ಕಳಿಸಬೇಡ ಮಾರಾಯ್ತಿ. ಹೊಸಬಳು ಬಂದ್ರೆ ಇನ್ನೊಂದು ಹೆಸರು ನೆನಪಿಟ್ಕೋಬೇಕು. ಇವಳದ್ದೇ ಇನ್ನೂ ಬಾಯಿಗೆ ಬಂದಿಲ್ಲ.”

ಕಳಿಸಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ನೇಹಾ ಆಫೀಸಿಗೆ ಹೊರಡುವ ಮೊದಲು ನನಗೆ ಹತ್ತು ನಿಮಿಷ ಇಂಗ್ಲಿಷ್ ಪಾಠ. ನಮ್ಮ ಕನ್ನಡದಲ್ಲಿ ‘ನಿನ್ನೆಗಿಂತ’ ಎಂದರೆ ಸಾಕು, ‘ಒಳ್ಳೆಯದು’ ಇದ್ದಂತೆಯೇ ಇರುತ್ತದೆ. ಇಂಗ್ಲಿಷಿನಲ್ಲಿ ‘ಗುಡ್’ ಹೋಗಿ ‘ಬೆಟರ್’ ಬಂದು ಕೂರುತ್ತದೆ. ‘ಮೋರ್ ಬೆಟರ್’ ಎಂದು ಬರೆದು ನಗಿಸಿದೆ. ಆದರೆ ಭಯ ಹೋಗಿಲ್ಲ. ಈಗಲೂ ಗೇಟಿನವರೆಗೆ ಹೋಗಿ, ಗೇವ್ ಎಂದೇ ಬರೆದೆನೋ ಇಲ್ಲವೋ ಎಂದು ತಿರುಗಿ ಬರುತ್ತೇನೆ.

ಕಳೆದ ವಾರ ಎರಡು ಊರುಗಳನ್ನು ಹೋಲಿಸಿ ಒಂದು ವಾಕ್ಯ ಬರೆಯಲು ಹೇಳಿದರು. ‘ಭದ್ರಾವತಿ’ ಎಂದು ಬರೆದು ಜಾಗ ಬಿಟ್ಟು, ‘ಬೆಟರ್ ದ್ಯಾನ್ ಶಿವಮೊಗ್ಗ’ ಎಂದು ಬರೆದೆ. ನಡುವೆ ‘ಈಸ್’ ಹಾಕಿದರೆ ಇಲ್ಲಿ ಯಾಕಿದ್ದೇನೆ ಎಂಬ ಪ್ರಶ್ನೆ. ‘ವಾಸ್’ ಹಾಕಿದರೆ ಅಲ್ಲಿನದೆಲ್ಲ ಮುಗಿಯಿತು.

“ಯಾವುದಮ್ಮ ಸರಿ?”

“ಎರಡೂ ಸರಿ. ನಿಮಗೆ ಯಾವುದು ನಿಜವೋ ಅದು.”

ಆ ಜಾಗ ಇನ್ನೂ ಖಾಲಿ ಇದೆ.