ಮಡ್ಕಯಿಯಲ್ಲಿ ಖಿಡಕಿ ಬಂದ್

ಮಡ್ಕಯಿಯ ಪೈಪ್ ಕಾರ್ಖಾನೆಯ ಆಫೀಸಿನಲ್ಲಿ ಚಹಾ ಕಾಯಿಸುವ ಸತ್ಯವ್ವ ಎರಡು ಸಾವಿರದ ಆರನೆಯ ಇಸವಿಯ ಏಪ್ರಿಲ್‌ನಲ್ಲಿ ಒಂದು ದಿನ ಎಲ್ಲ ಕಿಟಕಿಗಳನ್ನೂ ಮುಚ್ಚಿ ಚಿಲಕ ಜಡಿದುಬಿಟ್ಟಳು. ಹೊರಗೆ ಗೋವಾದ ಬಿಸಿಲು. ಒಳಗೆ ಗುಮಾಸ್ತರು ಹಬೆಯಲ್ಲಿಟ್ಟ ಕಡುಬಿನಂತೆ ಬೆವೆತರು.

"ಯಾರ್ ಹೇಳಿದ್ರವ್ವಾ ನಿನಗ?" ಎಂದು ಕೇಳಿದಳು ಶ್ವೇತಾ. ಧಾರವಾಡದ ಹುಡುಗಿ, ಕಂಪನಿಯ ಷೇರುಗಳ ಕಾಯದೆ ಕಾನೂನು ನೋಡಿಕೊಳ್ಳುವವಳು.

"ನೀವ ಅಲ್ರೀ ಬಾಯಾರ? ಮುಂಜಾನೆ ಎಲ್ಲಾರಿಗೂ ಹೇಳಿದ್ರಿ, ಇವತ್ತಿಂದ ಖಿಡಕಿ ಬಂದ್ ಅಂತ."

ಶ್ವೇತಾ ನಕ್ಕು ನಕ್ಕು ಮೇಜು ಹಿಡಿದುಕೊಂಡಳು. ಬಂದ್ ಆಗಿದ್ದು ಗೋಡೆಯ ಕಿಟಕಿಯಲ್ಲ. ಮೂರು ತಿಂಗಳ ಲಾಭ ಲುಕ್ಸಾನು ಹೊರಬೀಳುವ ಸಮಯವದು. ಕಂಪನಿಯ ಒಳಗಿನವರಿಗೆ ಅದು ಮೊದಲೇ ಗೊತ್ತಾಗುತ್ತದೆ. ಜಗತ್ತಿಗೆಲ್ಲ ಗೊತ್ತಾಗುವ ತನಕ ಅವರು ಕಂಪನಿಯ ಷೇರು ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಒಳಗಿನವರ ಆ ಕೊಡುಕೊಳ್ಳುವ ವ್ಯವಹಾರಕ್ಕೆ ಕಾಯದೆಯವರು ಇಟ್ಟ ಹೆಸರು ಕಿಟಕಿ.

"ಅಂದ್ರ ಬಡಸಾವ್ರು ಮೊದಲ ತಾವ ಉಂಡು, ಪಂಕ್ತಿಗೆ ತಳಾ ಬಳದದ್ದು ಹಾಕಬಾರದು," ಎಂದಳು ಸತ್ಯವ್ವ.

"ಅಷ್ಟ ನೋಡು."

"ಒಳಗಿನವ್ರಂದ್ರ ಯಾರ್ಯಾರ್ರೀ? ಚಾ ಕೊಡಾಕ ಹೋಗೋ ನಾನೂ ಏನು?"

ಶ್ವೇತಾಳ ನಗು ನಿಂತಿತು. "ಕಿವಿ ಇದ್ದಾವ್ರೆಲ್ಲಾ," ಎಂದಳು.

ಸತ್ಯವ್ವನಿಗೆ ದಿಗಿಲಾಯಿತು. ಅವಳ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಎಂಬುದು ಇಡೀ ಓಣಿಗೆ ಗೊತ್ತಿದ್ದ ಮಾತು.

ಸಾಹೇಬರ ಸಭೆಯ ದಿನ ಚಹಾ ಹಿಡಿದು ಒಳಹೊಕ್ಕವಳಿಗೆ ಕೇಳಿಸಬಾರದ್ದೇ ಕೇಳಿಸಿತು. ದೊಡ್ಡ ಗಿರಾಕಿ ಕೈಬಿಟ್ಟಿದ್ದಾನೆ, ಈ ಸಲ ಲುಕ್ಸಾನು. ಅವಳ ತಮ್ಮ ಭೀಮಶಿ ಅದೇ ಕಾರ್ಖಾನೆಯಲ್ಲಿ ಯಂತ್ರ ನಡೆಸುವವನು. ಕೆಲಸಗಾರರಿಗೆಂದು ತೆಗೆದಿಟ್ಟಿದ್ದ ಷೇರು ಕೊಂಡು, ಮಗಳು ಅಂಬಿಕಾಳ ನರ್ಸಿಂಗ್ ಓದಿಗೆಂದು ಕಾದಿರಿಸಿದ್ದ.

ಹೊರಬಂದರೆ ನಳದ ಹತ್ತಿರ ಅವನೇ ನಿಂತಿದ್ದ.

"ಅಕ್ಕಾ, ಫೋಂಡಾದ ದಲಾಲಗ ಒಂದ ಫೋನ್ ಹಚ್ಚಿದ್ರ ಈಗ ಮಾರಿಬಿಡ್ತಾನ. ಏನಂದ್ರು ಒಳಗ?"

"ಚಾ ಚಲೋ ಆಗೇತಿ ಅಂದ್ರು."

"ಹೋಗ್ಲಿ, ಬಾಯಿ ಬಿಡಬ್ಯಾಡ. ಸಾಹೇಬ ಸಕ್ಕರಿ ಜಾಸ್ತಿ ಕೇಳಿದ್ನೋ, ಕಡಿಮಿನೋ? ಅಷ್ಟ ಹೇಳು."

ನಗು ಬರಬೇಕಾದಲ್ಲಿ ಕಣ್ಣು ತುಂಬಿತು. ಮುಖವೇ ಹೇಳಿಬಿಟ್ಟೀತೆಂದು ಸತ್ಯವ್ವ ಬಗ್ಗಿ ಕಪ್ಪು ತೊಳೆಯತೊಡಗಿದಳು.

"ಗಾಳಿ ಬಂದಾಗ ತೂರ್ಕೋಬೇಕಕ್ಕಾ. ಅಂಬಿಕಾ ನಿನ್ನ ಉಡ್ಯಾಗ ಬೆಳದ ಕೂಸು."

ಅವರ ಅಪ್ಪ ಊರಲ್ಲಿ ಹಲಗೆ ಬಾರಿಸಿ ಡಂಗುರ ಸಾರುತ್ತಿದ್ದವನು. ಗೌಡ ಕಿವಿಯಲ್ಲಿ ಹೇಳಿದ ಸುದ್ದಿ, ಹಲಗೆಗೆ ಮೊದಲ ಪೆಟ್ಟು ಬೀಳುವ ತನಕ ಹೆಂಡತಿಗೂ ಇಲ್ಲ. ಸರಕಾರದ ಅಗ್ಗದ ಜೋಳ ಬಂದ ವರ್ಷ ಅವ್ವ ಕೂಡ ಡಂಗುರ ಕೇಳಿದ ಮೇಲೆಯೇ ಚೀಲ ಹಿಡಿದು ಓಡಿ ಸಾಲಿನ ಬಾಲಕ್ಕೆ ನಿಂತಿದ್ದಳು. ಆವತ್ತು ಅಪ್ಪನ ಮೇಲೆ ಸತ್ಯವ್ವನಿಗೆ ಸಿಟ್ಟೇ ಬಂದಿತ್ತು.

ಸಂಚಿ ಬಿಚ್ಚಿ ಎಲೆ ಅಡಿಕೆಯನ್ನು ದವಡೆ ಉಬ್ಬುವಷ್ಟು ತುರುಕಿಕೊಂಡಳು. ತಮ್ಮ ಕೂಗುತ್ತಿದ್ದಂತೆಯೇ ಶ್ವೇತಾಳ ಕೋಣೆಗೆ ನಡೆದು, ಯಾವಾಗ ಹೇಳಬಹುದೆಂದು ಕೈಸನ್ನೆಯಲ್ಲೇ ಕೇಳಿದಳು. ಮುಂಬೈಗೆ ಲೆಕ್ಕದ ಹಾಳೆ ಕಳಿಸುತ್ತಿದ್ದ ಫ್ಯಾಕ್ಸ್ ಯಂತ್ರ ಗುರುಗುಟ್ಟಿತು. ಶ್ವೇತಾ ಕಂಪ್ಯೂಟರಿನಲ್ಲೇ ಕಣ್ಣು ನೆಟ್ಟು ಕೂತಳು.

"ತಡಿ… ಹಾಂ, ಮುಂಬೈ ಷೇರು ಪ್ಯಾಟಿಯವ್ರು ಲುಕ್ಸಾನ, ಗಿರಾಕಿ ಸುದ್ದಿ ಎರಡೂ ಎಲ್ಲಾರಿಗೂ ಕಾಣೂಹಂಗ ಹಾಕಿದ್ರು. ಇನ್ನ ಯಾರಿಗರ ಹೇಳು."

ಸತ್ಯವ್ವ ಹೊರಗೆ ಉಗುಳಿ, ಯಂತ್ರಗಳ ಶೆಡ್ಡಿಗೆ ಓಡಿ, ಚಹಾದ ತಟ್ಟೆಗೆ ಚಮಚದಿಂದ ಬಡಿದಳು. "ಕೇಳ್ರಪೋ ಕೇಳ್ರಿ! ಈ ಸಲ ಕಂಪನಿಗೆ ಲುಕ್ಸಾನ ಆಗೇತಿ! ದೊಡ್ಡ ಗಿರಾಕಿ ಕೈ ಬಿಟ್ಟಾನ!"

ಭೀಮಶಿ ಫೋನು ಹಚ್ಚುವಷ್ಟರಲ್ಲಿ ಬೆಲೆ ಜಾರತೊಡಗಿತ್ತು.

"ತಮ್ಮ ಅಂತ ನೋಡಲಿಲ್ಲಲ್ಲಕ್ಕಾ."

"ತಮ್ಮ ಅಂತನ ಬಾಯಾಗ ಎಲಿ ತುಂಬ್ಕೊಂಡಿದ್ನೋ. ಬ್ಯಾರೇವ್ರಾಗಿದ್ರ ಸುಮ್ಮನ ಬೈದು ಕಳಸ್ತಿದ್ದೆ."

ಅಂಬಿಕಾಳ ಓದು ಒಂದು ವರ್ಷ ಮುಂದಕ್ಕೆ ಹೋಯಿತು. ಭೀಮಶಿ ಅಕ್ಕನ ಕೈಯ ಚಹಾ ಬಿಟ್ಟ. ಆದರೆ ಮುಂದಿನ ಸಭೆಯ ದಿನ ಅವನು ನಳದ ಹತ್ತಿರ ಸುಳಿಯಲಿಲ್ಲ. ಸತ್ಯವ್ವ ಸಾರುವಾಗ ಎಲ್ಲರಿಗಿಂತ ಮುಂದೆ ನಿಂತಿದ್ದ. ಆಮೇಲೆ ಶ್ವೇತಾಳನ್ನು ತಡೆದು ಕೇಳಿದ:

"ಬಾಯಾರ, ಲುಕ್ಸಾನ ಆತು ಅಂತ ಸಾರಾಕ ಕಾಯದೆ ಐತಿ. ಹೋದ ಸಲದ ಆ ದೊಡ್ಡ ಗಿರಾಕಿ ಯಾಕ ಬಿಟ್ಟು ಹೋದ ಅಂತ ಸಾರಾಕೂ ಐತೇನ್ರಿ?"

ಸತ್ಯವ್ವ ತಟ್ಟೆಯನ್ನು ಕಂಕುಳಿಗೆ ಸೇರಿಸಿ, ತಮ್ಮನ ಪಕ್ಕಕ್ಕೆ ಬಂದು ಶ್ವೇತಾಳ ಉತ್ತರಕ್ಕೆ ಕಾದು ನಿಂತಳು.